ಯಾವ ಪೈಕಿ

ಅಲ್ ಖೋರ್ ದಕ್ಕೆಯಲ್ಲಿ ಬೆಳಗಿನ ಐದಕ್ಕೆ
ಕುಳಚ್ಚಲಿನ ಸೂಸೈ ಗರ್ಗೂರಿನ ತಂತಿಗೂಡು ಎತ್ತಿ ಕೊಡವುತ್ತಾನೆ.
ಹಮ್ಮೂರ್ ಒಂದು ಬುಟ್ಟಿಗೆ, ಶೇರಿ ಒಂದು ಬುಟ್ಟಿಗೆ,
ಯಾವ ಬುಟ್ಟಿಗೂ ಸಲ್ಲದ್ದು ನನ್ನ ಬಕೆಟ್ಟಿಗೆ.
"ಪಾಚಿ ಅಣ್ಣಾ, ಬರೀ ಪಾಚಿ" ಅನ್ನುತ್ತಾನೆ.
ಪಾಚಿ ಒಂದು ಕಾಲು ಚಾಚುತ್ತದೆ.

ಗಂಗೊಳ್ಳಿಯಲ್ಲಿ ಇದನ್ನು ಬಲೆಯಿಂದ ಬಿಡಿಸಿ
ಬೈದು ಎಸೆಯುತ್ತಿದ್ದೆವು.
ತಿನ್ನುವ ಏಡಿಗೆ ಕುರ್ಲಿ ಎಂಬ ಹೆಸರಿತ್ತು,
ಇದಕ್ಕೆ ಬೈಗುಳವೇ ಹೆಸರು.
ಇಲ್ಲಿ ಇದಕ್ಕೊಂದು ತಟ್ಟೆ, ದೀಪ, ಸ್ಪಿರಿಟ್ಟಿನ ಬಾಟಲಿ,
ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದ ನಾನು.

ಜೇಡನ ಕಾಲು, ಏಡಿಯ ಬೆನ್ನು,
ಮೈತುಂಬ ಕೊಕ್ಕೆಗೂದಲು.
ಸಿಕ್ಕಿದ್ದನ್ನು ಹರಿದು, ಬಾಯಲ್ಲಿ ಅಗಿದು ಮೆದುಮಾಡಿ
ಬೆನ್ನಿಗೆ ಸಿಕ್ಕಿಸಿಕೊಳ್ಳುತ್ತದೆ, ಸ್ಪಂಜಿನ ಚೂರು, ಪಾಚಿಯ ಎಳೆ,
ಕಡಲ ತಳ ಹೇಗಿದೆಯೋ ಹಾಗೆ.
ಯಾರೆಂದು ತಿಳಿಯಲು ಮೊದಲು ಉಡುಪು ಕಳಚಬೇಕು.
ಆ ಕೆಲಸಕ್ಕೇ ನನಗೆ ಸಂಬಳ.
ಗುರುತಿನ ಚೀಟಿಯಲ್ಲಿ ವೃತ್ತಿ: ಕ್ಲೀನರ್.
ಸುಳ್ಳೇನಲ್ಲ.

ಡಾಕ್ಟರ್ ಹಿಸ್ಸಾ ಪಟ್ಟಿ ಓದುತ್ತಾರೆ,
ನಾನು ಲೆನ್ಸಿನಲ್ಲಿ ನೋಡಿ ಹೇಳುತ್ತೇನೆ.
ಮೂತಿಯಲ್ಲಿ ಕೊಂಬು ಒಂದೋ ಎರಡೋ?
ಎರಡು. ಹಾಗಾದರೆ ನಾಲ್ಕಕ್ಕೆ ಹೋಗು.
ಕೊಂಬಿನ ತುದಿ ಕವಲೊಡೆದಿದೆಯೋ?
ಇಲ್ಲ. ಒಂಬತ್ತಕ್ಕೆ ಹೋಗು.
ಕಣ್ಣಿಗೆ ಗೂಡಿದೆಯೋ, ಗೂಡಿನ ಹಿಂದೆ ಮುಳ್ಳಿದೆಯೋ,
ಹೌದು ಇಲ್ಲಗಳ ಮೆಟ್ಟಿಲಿಳಿದು
ಕುಟುಂಬ, ಕುಲ, ಪ್ರಭೇದ.

ಕ್ಯಾಂಪಿನ ಮೆಸ್ಸಿನಲ್ಲೂ ಇಂಥದೊಂದು ಪಟ್ಟಿಯಿದೆ.
ಕನ್ನಡದವರೋ? ಹೌದು.
ಘಟ್ಟದ ಮೇಲೋ ಕೆಳಗೋ? ಕೆಳಗೆ.
ಊರು? ಗಂಗೊಳ್ಳಿ. ಓಹೋ.
ಸಾರಿನ ಸೌಟು ಗಾಳಿಯಲ್ಲೇ ನಿಂತು
ಮೆಲ್ಲಗೆ: "ಹಾಂ... ಯಾವ ಪೈಕಿ?"
ನಾನೂ ಕೇಳಿದ್ದೇನೆ, ಬೇರೆಯವರನ್ನು.

ಮೊನ್ನೆ ಕೊಳವೆ ಹಾಕಲು ಅಗೆದ ಗುಂಡಿಯಿಂದ ಒಂದು ಕಲ್ಲು ಬಂತು,
ಮುರಿದ ಬಿಸ್ಕತ್ತಿನಷ್ಟು.
ಕಾಲಿಲ್ಲ, ಮೂತಿ ಇರಬೇಕಾದಲ್ಲಿ ಸುಣ್ಣ.
ಉಳಿದದ್ದು ಬೆನ್ನಿನ ನಕಾಶೆ:
ಹೊಟ್ಟೆಯ ದಿಬ್ಬ, ಹೃದಯದ ದಿಬ್ಬ,
ಎರಡರ ನಡುವೆ ಉಗುರು ಇಳಿಯುವಷ್ಟು ಕಣಿವೆ.
ಈ ಕೊಲ್ಲಿಗೂ ಮುಂಚಿನ ಯಾವುದೋ ಕಡಲು ಅದರದ್ದು.
ಕೊಂಬು ಒಂದೋ ಎರಡೋ?
ಪಟ್ಟಿ ಮೊದಲ ಪ್ರಶ್ನೆಯಲ್ಲೇ ಕೂತುಬಿಟ್ಟಿತು.

ಡಾಕ್ಟರ್ ದೀಪ ಓರೆಮಾಡಿದರು.
ಬೆನ್ನ ಮೇಲೆ ಸಾಲುಸಾಲು, ಸೂಜಿಮೊನೆಯಷ್ಟು ಗುಂಡಿ,
ಒಂದೊಂದರಲ್ಲೂ ಒಂದು ಕೊಕ್ಕೆಗೂದಲು ಇದ್ದಿರಬೇಕು.
ನಾನು ನಕ್ಕೆ. ಯಾಕೆಂದು ಕೇಳಿದರು.
ನನ್ನ ಮುರುಕು ಅರಬ್ಬಿಯಲ್ಲಿ ಹೇಗೆ ಹೇಳಲಿ,
ನಮ್ಮಲ್ಲಿ ನೆಲದ ತಗ್ಗೂ ಗುಂಡಿ, ಅಂಗಿಗೆ ಹಾಕುವುದೂ ಗುಂಡಿ,
ಬಟ್ಟೆ ಹೋಗಿದೆ ಮೇಡಂ, ಗುಂಡಿ ಉಳಿದಿದೆ.

ನೋಂದಣಿ ಪುಸ್ತಕದಲ್ಲಿ ಒಂದು ಅಂಕಣ: ಸಿಕ್ಕಿದ್ದು ಯಾರಿಗೆ?
ಗುತ್ತಿಗೆದಾರನ ಕಾಗದದಲ್ಲಿ: ಕಾರ್ಮಿಕ, ೩೧೧೭.
ಫೋನು ಎರಡು ಸಲ ಕಟ್ಟಾಯಿತು, ಮೂರನೆಯ ಸಲ
ಡ್ರಿಲ್ಲಿನ ಸದ್ದಿನೊಳಗಿಂದ ಒಬ್ಬ ತನ್ನ ಹೆಸರು ಕೂಗಿದ:
ಟೇಕ್ ಬಹಾದುರ್ ಪುನ್, ರೋಲ್ಪಾ.
ಕಡಲಿಲ್ಲದ ದೇಶ.
ಕೇಳಿ ಕೇಳಿ, ಅಕ್ಷರ ತಿದ್ದಿ ಬರೆದೆ, ಶಾಯಿಯಲ್ಲಿ.
ಪ್ರಭೇದದ ಎದುರು ಡಾಕ್ಟರು
ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿದರು.

ಉಜ್ಜಿ ಬತ್ತಲೆ ಮಾಡಿದ ಸೂಸೈಯ ಏಡಿಯನ್ನು
ಆ ರಾತ್ರಿ ಬಾಟಲಿಗೆ ಇಳಿಸಲಿಲ್ಲ.
ತೊಟ್ಟಿಗೆ ಬಿಟ್ಟೆ. ಬರಿಗಾಜು, ಬರಿನೀರು.
ಅದು ಮೂಲೆಗೆ ಒತ್ತಿಕೊಂಡು ಕೂತಿತು,
ಪರೀಕ್ಷೆಗೆಂದು ಅಂಗಿ ಬಿಚ್ಚಿಸಿ ಸಾಲಿನಲ್ಲಿ ನಿಲ್ಲಿಸಿದವರ ಹಾಗೆ.
ಸಮವಸ್ತ್ರದ ತೋಳಿನಿಂದ ನಾಲ್ಕೆಳೆ ನೀಲಿ ನೂಲು
ಕಿತ್ತು ಹಾಕಿ ಮಲಗಲು ಹೋದೆ.

ಬೆಳಿಗ್ಗೆ ನೋಡಿದರೆ ಬೆನ್ನು ನೀಲಿ.
ತೊಟ್ಟಿಗೆ ಇಳಿಬಿಟ್ಟಿದ್ದ ನಂಬರಿನ ಚೀಟಿಯನ್ನೂ
ಅರ್ಧ ಹರಿದು, ಅಗಿದು,
ಎರಡು ಕೊಂಬುಗಳ ನಡುವೆ ಸಿಕ್ಕಿಸಿಕೊಂಡಿದೆ.
ಡಾಕ್ಟರ್ ಬರಲು ಇನ್ನೂ ಒಂದು ಗಂಟೆ.
ಬ್ರಷ್ಷು ತೊಳೆದು
ಕಿಟಕಿಯಲ್ಲಿ ಒಣಗಲು ಇಟ್ಟೆ.