ಅರವತ್ತು ದಿನದ ಕಾಗದ

ಏಳು ವರ್ಷ ಕಾದ ಮೇಲೆ ಬಂದ ಕಾಗದಕ್ಕೆ
ಅರವತ್ತೇ ದಿನ ಆಯುಸ್ಸು.
ಸರದಿಯಲ್ಲಿ ಹೆಸರು ಬರೆಸಿದ ದಿನ
ವರ್ಲೀನಳ ಹೊಟ್ಟೆಯಲ್ಲಿದ್ದ ಎಜ್ರಾ
ಈಗ ಮುಂದಿನ ಹಲ್ಲು ಬೀಳಿಸಿಕೊಂಡು
ಮುದ್ರೆಯ ಮೇಲೆ ಬೆರಳಾಡಿಸಿ ಕೇಳುತ್ತಾನೆ:
ಇದೇ ಏನಮ್ಮ, ಮನೆ?

ಅಲ್ಲ ಕಂದ.
ನಿನ್ನ ದುಡಿಮೆಯಲ್ಲಿ ನೂರಕ್ಕೆ ಮೂವತ್ತು ನೀನು ಹಾಕು,
ಉಳಿದ ಬಾಡಿಗೆ ನಮ್ಮದು
ಅಂತ ಸರ್ಕಾರ ಆಡಿದ ಮಾತು, ಅಷ್ಟೆ.
ಮಾತು ಅವರದು.
ಗೋಡೆ ನಾವೇ ಹುಡುಕಬೇಕು.

ಟೊಲೀಡೊದ ಫೆಬ್ರವರಿ. ನದಿ ಹೆಪ್ಪುಗಟ್ಟಿ ಕೂತಿದೆ.
ರಾತ್ರಿಯೆಲ್ಲ ಯಾರದೋ ಮುದುಕರ ಮೈ ಒರೆಸಿ,
ಮಗ್ಗುಲು ಬದಲಿಸಿ, ಮಾತ್ರೆ ನುಂಗಿಸಿ
ಬೆಳಿಗ್ಗೆ ಬಸ್ಸಿನ ಹಿಂದಿನ ಸೀಟಿನಲ್ಲಿ
ಫೋನು ಹಚ್ಚುತ್ತಾಳೆ.
ಎಜ್ರಾನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ
ಮೂರು ಗೆರೆ: ಎಲ್ಲಿ, ಎಷ್ಟು, ಏನಂದರು.

ಖಾಲಿ ಇದೆ, ಇವತ್ತೇ ಬಂದು ನೋಡಿ.
ನನ್ನ ಹತ್ತಿರ ವೋಚರ್ ಇದೆ ಸಾರ್.
ಅಯ್ಯೋ, ನಿನ್ನೆ ತಾನೆ ಕೊಟ್ಟುಬಿಟ್ಟೆವಲ್ಲ!
ಒಂದೇ ಉಸಿರಿನಲ್ಲಿ ತುಂಬಿಹೋಗುವ ಮನೆಗಳು.

ಇನ್ನೊಂದಕ್ಕೆ ಎಲ್ಲ ಸರಿಯಿತ್ತು,
ಮಿತಿಗಿಂತ ನಲವತ್ತು ಡಾಲರ್ ಹೆಚ್ಚು.
ಕೈಯಿಂದ ಕೊಡುತ್ತೇನೆ ಎಂದಳು.
ಗುಟ್ಟಾಗಿ ಕೊಡುವುದು ತಪ್ಪು, ಎಂದಳು
ಕಚೇರಿಯ ಗಾಜಿನ ಹಿಂದಿನ ಹುಡುಗಿ,
ತಗ್ಗಿದ ದನಿಯಲ್ಲಿ, ತಾನೇ ತಪ್ಪು ಮಾಡಿದವಳಂತೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು
ಪಾಪ, ಬಾಡಿಗೆಗೆ ಅಲೆದವರಲ್ಲ.

ಅಲ್ಲಿಯವರೆಗೆ ಅಕ್ಕನ ಮನೆಯ ನೆಲಮಾಳಿಗೆ.
ಬಟ್ಟೆ ಒಣಗಿಸುವ ಯಂತ್ರ ಬಿಸಿ ಇರುವಷ್ಟು ಹೊತ್ತು
ಅದರ ಮೇಲೆ ಕೂತು ಎಜ್ರಾ ಕೂಡಿಸುತ್ತಾನೆ, ಕಳೆಯುತ್ತಾನೆ.
ಕಳೆಯುವುದು ಅವನಿಗೆ ಸಲೀಸು:
ಇನ್ನು ಇಪ್ಪತ್ತೆರಡು. ಇನ್ನು ಹದಿನಾಲ್ಕು.

ಐವತ್ತೊಂದನೆಯ ದಿನ, ಲಗ್ರಾಂಜ್ ಬೀದಿಯಲ್ಲಿ
ಕೆಳಗೆ ತಾನಿದ್ದು ಮಹಡಿ ಬಾಡಿಗೆಗಿಟ್ಟ
ಗೆನೊವೆಫಾ ಎಂಬ ಪೋಲಿಷ್ ಮುದುಕಿ
ಕಾಗದ ಓದಲಿಲ್ಲ. ಕನ್ನಡಕ ಕಳೆದಿತ್ತೋ ಏನೋ.
ರಾತ್ರಿ ಪಾಳಿಯೇ? ಹಾಗಾದರೆ ಬೆಳಗಿನ ಜಾವ
ಮೆಟ್ಟಿಲು ಸದ್ದು ಮಾಡುತ್ತದೆ.
ವರ್ಲೀನಳ ಎದೆ ಕುಸಿಯಿತು. ಹೌದಮ್ಮ, ಮಾಡುತ್ತದೆ.
ಮಾಡಲಿ ಬಿಡು. ಆ ಹೊತ್ತಿಗೆ ನನಗೂ ನಿದ್ದೆ ಇರುವುದಿಲ್ಲ.

ಅರ್ಜಿ ಕೊಟ್ಟ ದಿನಕ್ಕೇ ಗಡಿಯಾರ ನಿಲ್ಲುತ್ತದೆ
ಎಂದಳು ಗಾಜಿನ ಹಿಂದಿನ ಹುಡುಗಿ.
ಅವಳ ಗೋಡೆಯದು ನಿಂತಿರಬಹುದು.
ವರ್ಲೀನಳದು ಹೊಟ್ಟೆಯೊಳಗಿತ್ತು, ನಿಲ್ಲಲಿಲ್ಲ.

ತಪಾಸಣೆಯವನು ಬಂದ. ಕಿಟಕಿ ಎತ್ತಿ ಇಳಿಸಿದ,
ಬಿಸಿನೀರಿಗೆ ಕೈಯೊಡ್ಡಿದ, ಪ್ಲಗ್ಗಿಗೆ ಪುಟ್ಟ ದೀಪ ಚುಚ್ಚಿದ,
ಹೊಗೆ ಕಂಡರೆ ಕೂಗುವ ಡಬ್ಬಿಯನ್ನು ಕೂಗಿಸಿದ.
ಮೆಟ್ಟಿಲಿಗೆ ಹಿಡಿಕೆ ಇಲ್ಲ ಎಂದು ಬರೆದು ಹೋದ.
ಮೂವತ್ತು ವರ್ಷ ಹಿಡಿಕೆ ಇಲ್ಲದೆಯೇ ಹತ್ತಿಳಿದ ಗೆನೊವೆಫಾ
ತನ್ನ ಭಾಷೆಯಲ್ಲಿ ಏನೋ ಬೈದು
ಗ್ಯಾರೇಜಿನ ಬಾಗಿಲು ತೆರೆದಳು:
ಗಾಜಿನ ಕಾರ್ಖಾನೆಯಿಂದ ಗಂಡ ಹೊತ್ತು ತಂದ ಪೈಪು,
ಯಾತಕ್ಕೆ ತಂದನೋ, ಹೇಳದೆ ಹೋದ.

ಒಬ್ಬಳು ಹಿಡಿದಳು. ಒಬ್ಬಳು ತಿರುಪು ಬಿಗಿದಳು.
ಮತ್ತೆ ಬಂದವನು ಮೈಭಾರವೆಲ್ಲ ಬಿಟ್ಟು ಜಗ್ಗಿದ.
ಪೈಪು ಅಲುಗಲಿಲ್ಲ.

ಏಪ್ರಿಲ್‌ನಲ್ಲಿ ಅದೇ ಬಸ್ಸು, ಅದೇ ಹಿಂದಿನ ಸೀಟು.
ಪಕ್ಕದವಳ ತೊಡೆಯ ಮೇಲೆ ಪರಿಚಯದ ಕಾಗದ.
ಎಷ್ಟನೆಯ ದಿನ?
ಒಂಬತ್ತು.
ವರ್ಲೀನ್ ಹೆಸರು ಕೇಳಲಿಲ್ಲ.
ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ಪರ್ರೆಂದು ಹರಿದು ಕೊಟ್ಟಳು:
ಇವರ್ಯಾರನ್ನೂ ಕೇಳಬೇಡ. ನಾನು ಕೇಳಿಯಾಗಿದೆ.

ಪುಟಗಳೆಲ್ಲಿ ಎಂದರಂತೆ ಲೆಕ್ಕದ ಟೀಚರು.
ಅಮ್ಮ ಯಾರಿಗೋ ಕೊಟ್ಟಳು, ಅಂದನಂತೆ ಎಜ್ರಾ,
ಅವರಿಗೆ ಕಳೆಯುವ ಲೆಕ್ಕ ಇತ್ತು.