ಎರಡು ಬೆರಳು ಆಟ

ಸ್ಟೇರಿಂಗಿನಲ್ಲಿ ಎರಡು ಬೆರಳು ಆಟ ಇತ್ತು.
ಮಿನರ್ವ ಸರ್ಕಲ್ಲಿನ ತಿರುವಿಗೆ
ಉರ್ವಶಿ ಟಾಕೀಸಿನ ಹತ್ತಿರವೇ ಕೈ ಶುರುಮಾಡಬೇಕು,
ಜೀಪಿಗೆ ಸುದ್ದಿ ಮುಟ್ಟುವಷ್ಟರಲ್ಲಿ
ತಿರುವು ಬಂದಿರುತ್ತಿತ್ತು.

ಹದಿನೇಳು ವರ್ಷ ಹೀಗೇ.
ಪಕ್ಕ ಕೂತವರು ಹಿಡಿಕೆ ಬಿಗಿಹಿಡಿಯುತ್ತಿದ್ದರು,
ನಾನು ಅದನ್ನೇ ಡ್ರೈವಿಂಗ್ ಅಂದುಕೊಂಡಿದ್ದೆ.

ಕಲಾಸಿಪಾಳ್ಯದ ದಸ್ತಗೀರ್ ಬಾನೆಟ್ಟೆತ್ತಿ
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡೇ ತೋರಿಸಿದ:
ಎರಡು ಕಬ್ಬಿಣದ ನಡುವೆ ಒಂದು ರಬ್ಬರ್ ಬಿಲ್ಲೆ,
ಹಳೇ ನಿಪ್ಪಟ್ಟಿನ ಹಾಗೆ ಸೀಳಿ
ಎರಡು ಬೋಲ್ಟಿನ ಮರ್ಯಾದೆಯಲ್ಲಿ ನಿಂತಿದೆ.
ಟಾರ್ಚು ತೆಗೆದು ಅಂದ,
"ಇಷ್ಟು ದಿನ ನಿಮ್ಮನ್ನ ಇದೇ ತಡ್ಕೊಂಡಿದೆ ಅಕ್ಕಾ."

ಹೊಸದು ಉಕ್ಕಿನ ಕೀಲು.
ಹಳೇದು ಬಿಚ್ಚುವ ಮೊದಲು
ಬೀಡಾ ಅಂಗಡಿಯಿಂದ ಒಂದು ಚಿಟಿಕೆ ಸುಣ್ಣ ತಂದು
ಹಲ್ಲಿಂದ ಹಲ್ಲಿಗೆ ಗೆರೆ ಎಳೆದ:
ನೇರ ಅಂದರೆ ಯಾವುದು, ಮರೆಯಬಾರದಲ್ಲ.
ಒಂದು ಹಲ್ಲು ತಪ್ಪಿದರೆ
ಕೊನೇವರೆಗೂ ಚಕ್ರ ಓರೆ ಹಿಡಿದೇ ನೇರ ಹೋಗಬೇಕು.

ಸುತ್ತಿಗೆ, ಡೀಸೆಲ್ಲು, ಒಂದು ಬೈಗುಳ, ಮತ್ತೆ ಸುತ್ತಿಗೆ.

ಬಿದ್ದ ಬಿಲ್ಲೆಯನ್ನು ಕೈಹುಡುಗ
ಫುಟ್‌ಪಾತಿನ ಮೇಲೆ ಉರುಳಿಸಿಕೊಂಡು ಹೋದ.

ಈಗ ಜೆ.ಸಿ. ರೋಡಿನ ಪ್ರತಿ ಹಳ್ಳವೂ
ಸೀದಾ ಅಂಗೈಗೆ ಬರುತ್ತದೆ, ದಾಕ್ಷಿಣ್ಯವಿಲ್ಲದೆ.
ಆ ರಬ್ಬರು ಎಷ್ಟು ನುಂಗಿಕೊಂಡಿತ್ತೋ
ನನಗೆ ಹೇಳದೆ.

ಟೌನ್‌ಹಾಲ್ ಮುಂದೆ, ಹಳೇ ಚಾಳಿ,
ತಿರುವಿಗೂ ಮೊದಲೇ ತಿರುಗಿಸಿದೆ.
ಜೀಪು ತಕ್ಷಣ ಕೇಳಿತು.
ಸೌತೆಕಾಯಿ ಗಾಡಿಯವಳು ಉಪ್ಪುಖಾರದ ಡಬ್ಬಿ ಎದೆಗವಚಿ
ನನ್ನನ್ನೇ ನೋಡುತ್ತಿದ್ದಳು.