ಷರಾ

ಹತ್ತು ವರ್ಷಕ್ಕೆ ಮರುಪರಿಶೀಲನೆ ಅಂತ
ಠರಾವಿನಲ್ಲೇ ಇತ್ತು. ಯಾರೂ ಓದಿರಲಿಲ್ಲ.
ಓದಿದವರು ಹೊಸ ಸದಸ್ಯೆ ಸೆವ್ರಿನಾ ಬಾಯಿ,
ಕನ್ನಡಕ ಹಣೆಗೇರಿಸಿ, ಸಾಲಿಗೆ ಬೆರಳಿಟ್ಟು, ಗಟ್ಟಿಯಾಗಿ:
‘ಸೊರಬ ರಸ್ತೆಯ ಅನಾನಸು ಕಾರ್ಖಾನೆಗೆ
ಆಸ್ತಿ ತೆರಿಗೆ ಮಾಫಿ.
ಷರತ್ತು, ಊರಿನ ನೂರನಲವತ್ತು ಮಂದಿಗೆ ಕೆಲಸ.
ಇದ್ದಾರೆಯೇ?’

ಅಧ್ಯಕ್ಷರು ಪೌರಾಯುಕ್ತರನ್ನು ನೋಡಿದರು.
ಪೌರಾಯುಕ್ತರು ಕಂದಾಯ ಅಧಿಕಾರಿಯನ್ನು.
ಅವರು ನನ್ನನ್ನು.
ನನ್ನ ಹಿಂದೆ ಗೋಡೆ.

ಬಿಲ್ ಕಲೆಕ್ಟರ್ ಕೆಲಸಕ್ಕೆ ಇಪ್ಪತ್ತಾರು ವರ್ಷ.
ಸಾಗರ ಪೇಟೆಯನ್ನು ಟೇಪು ಹಿಡಿದು ಇಂಚಿಂಚು ಬಲ್ಲೆ.
ಬುಡೇನ್ ಸಾಬರ ಸೈಕಲ್ ಶಾಪು ಎಂಟಡಿ, ಒಂಬತ್ತಡಿ,
ಮುಂದೆ ಚಾಚಿದ ತಗಡನ್ನೂ ಸೇರಿಸಿಯೇ ಬರೆದಿದ್ದೇನೆ,
ತಡವಾದರೆ ತಿಂಗಳಿಗೆ ನೂರಕ್ಕೆ ಎರಡು ದಂಡ.
ಕಾರ್ಖಾನೆಯನ್ನು ಮಾತ್ರ ಅಳೆದಿಲ್ಲ.
ಅದು ನಕ್ಷೆಯಲ್ಲಿತ್ತು,
ಅದರ ಎದುರಿಗೊಂದು ಸೊನ್ನೆ,
ಪ್ರತಿ ಏಪ್ರಿಲ್‌ನಲ್ಲಿ ನಾನೇ ದುಂಡಗೆ ಬರೆಯುವ ಸೊನ್ನೆ.

ಹೋದೆ. ಮಂಗಳವಾರ, ಹತ್ತೂಮುಕ್ಕಾಲು.
ಗೇಟಿನಲ್ಲೇ ಮೂಗಿಗೆ ಹತ್ತಿದ ಹಣ್ಣಿನ ವಾಸನೆ
ಐದು ನಿಮಿಷ ಹಬ್ಬ, ಆಮೇಲೆ ತಲೆನೋವು.
ಮ್ಯಾನೇಜರು ಹಾಜರಿ ಪುಸ್ತಕ ಕೊಟ್ಟರು, ರಟ್ಟಿನದು, ಹೊಚ್ಚ ಹೊಸದು,
ನೂರನಲವತ್ತು ಹೆಸರು, ಒಂದೇ ಪೆನ್ನು, ಒಂದೇ ಕೈ.
ಮೀನು ಮಾರ್ಕೆಟ್ಟಿನ ಗಾಮಪ್ಪ ಇದ್ದ,
ತೀರಿಕೊಂಡಾಗ ಅವನ ಮನೆ ಖಾತೆ ಬದಲಿಸಿದ್ದು ನಾನೇ.
ಬುಡೇನ್ ಸಾಬರು ಎರಡು ಸಲ ಇದ್ದರು,
ಒಮ್ಮೆ ಫಿಟ್ಟರ್, ಒಮ್ಮೆ ಹೆಲ್ಪರ್.

ಒಳಗೆ ಎಣಿಸಿದೆ. ತಲೆ ಬಗ್ಗಿಸಿದವರನ್ನು ಎಣಿಸುವುದು ಕಷ್ಟ.
ಮೂವತ್ತೊಂದು ಹೆಂಗಸರು.
ಒಬ್ಬರ ಹೆಸರೂ ಪುಸ್ತಕದಲ್ಲಿಲ್ಲ.

‘ಯಾಕಮ್ಮ?’ ಅಂದೆ.
ಕೆಳದಿ ಕಡೆಯ ಬಂಗಾರಮ್ಮ ಕೈ ಚಾಚಿದಳು. ಮೊದಲು ತಿಳಿಯಲಿಲ್ಲ.
ಬೆರಳ ತುದಿಗಳು ಹೊಳೆಗಲ್ಲಿನ ಹಾಗೆ ನುಣ್ಣಗೆ.
‘ರಸ ತಿಂದು ಹಾಕ್ಯದೆ ಸಾರ್. ಗೆರೆ ಇಲ್ಲ.
ಹೆಬ್ಬೆಟ್ಟು ಒತ್ತಿದ್ರೆ ಮಿಷನ್ನು ಯಾರೂ ಇಲ್ಲ ಅಂತದೆ.
ಯಾರೂ ಇಲ್ದೋರಿಗೆ ದಿನಗೂಲಿ, ಚೀಟಿ ಇಲ್ಲ.
ರೇಷನ್ ಅಂಗಡೀಲೂ ಈಗ ಮಗಳ ಹೆಬ್ಬೆಟ್ಟೇ.’
ಹೇಳಿ ನಕ್ಕಳು. ನಗುವಿಗೆ
ಯಾವ ನಮೂನೆಯಲ್ಲೂ ಅಂಕಣವಿಲ್ಲ.
ಆಮೇಲೆ ದನಿ ತಗ್ಗಿಸಿ:
‘ನೀವು ಬರೆದು ಇದು ಮುಚ್ಚಿದ್ರೆ
ನಾಳೆ ನಾವು ಎಲ್ಲಿಗೆ ಹೋಗ್ಲಿ, ಅದನ್ನೂ ಬರ್ಕೊಳಿ.’

ಬರೆದುಕೊಂಡೆ.

ಕಚೇರಿಗೆ ಬಂದು ಹಳೆಯ ಕಡತ ಬಿಚ್ಚಿದೆ.
ಹಲ್ಲಿಮೊಟ್ಟೆಯ ಸಿಪ್ಪೆ ಉದುರಿತು.
ಏಳನೇ ಹಾಳೆ, ಷರಾ ಅಂಕಣ:
‘ಖುದ್ದು ಸ್ಥಳ ಪರಿಶೀಲಿಸಲಾಗಿದೆ. ಷರತ್ತು ಪಾಲನೆಯಾಗಿದೆ.’
ಕೆಳಗೆ ಸಹಿ. ನನ್ನದು.
ಅವತ್ತು ಸೈಕಲ್ಲಿನ ಗಾಳಿ ಹೋಗಿತ್ತು.
ಬುಡೇನ್ ಸಾಬರು ಟ್ಯೂಬನ್ನು ನೀರಿಗದ್ದಿ
ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕುವಷ್ಟರಲ್ಲಿ
ಅವರ ಬೆಂಚಿನ ಮೇಲೆ ಕೂತು ಬರೆದು ಮುಗಿಸಿದ್ದೆ.

ಸಭೆಗೆ ಕಂಪನಿಯಿಂದ ತಣ್ಣಗಿನ ರಸದ ಡಬ್ಬಿ, ತಲೆಗೆರಡು.
‘ತೆರಿಗೆ ಅಂದರೆ ಹಾವೇರಿಗೆ ಎದ್ದು ಹೋಗ್ತಾರೆ’ ಅಂದರು ಒಬ್ಬರು.
‘ಬೀದಿದೀಪ ಹಾಕಿಸಿದ್ದು ಅವರೇ’ ಅಂದರು ಇನ್ನೊಬ್ಬರು.
ನಾಲ್ಕು ದೀಪ, ಹೇಳಿದವರ ಮನೆ ಮುಂದೆ.
ಸೆವ್ರಿನಾ ಬಾಯಿ ಡಬ್ಬಿ ಮುಟ್ಟಲಿಲ್ಲ.
‘ಹತ್ತು ವರ್ಷ ಬಿಟ್ಟ ಹಣವನ್ನು
ಮೂವತ್ತೊಂದರಿಂದ ಭಾಗಿಸಿ’ ಅಂದರು.
ಭಾಗಿಸಿದೆ. ಓದಿದೆ.
ಆ ಫ್ಯಾನಿಗೆ ಅಷ್ಟು ಸದ್ದಿದೆಯೆಂದು ಗೊತ್ತಾದದ್ದು ಆಗಲೇ.
ಆಮೇಲೆ ಉಪಸಮಿತಿ ಆಯಿತು, ಅದಕ್ಕೊಂದು ದಿನಾಂಕ ಆಯಿತು.

ಷರಾ ಅಂಕಣ ಒಂದೂವರೆ ಇಂಚು. ಅಳೆದಿದ್ದೇನೆ.
ಹಿಡಿಸಿದಷ್ಟು ಬರೆದೆ:
‘ಎಣಿಸಿದ್ದು ೩೧. ಬೆರಳಿಗೆ ಗೆರೆ ಇಲ್ಲ.
ಹಿಂದಿನ ವರದಿ ಸುಳ್ಳು, ಬರೆದವನು ನಾನು.
ಈ ಸಲ ಹೋಗಿದ್ದೆ.’
‘ಕೊನೆಯ ಎರಡು ಸಾಲು ಬೇಡ, ನಮೂನೆಯಲ್ಲಿಲ್ಲ’
ಅಂದರು ಕಂದಾಯ ಅಧಿಕಾರಿ.
ತೆಗೆಯಲಿಲ್ಲ.

ಸಂಜೆ ಶಾಪಿನ ಮುಂದೆ ಇಳಿದು
‘ಸಾಬರೇ, ನೀವು ಕಾರ್ಖಾನೆಯಲ್ಲಿ ಫಿಟ್ಟರಂತೆ’ ಅಂದೆ,
‘ಹೆಲ್ಪರೂ ನೀವೇ ಅಂತೆ.’
ಅವರು ಟ್ಯೂಬನ್ನು ನೀರಿಗದ್ದುತ್ತಲೇ ಅಂದರು:
‘ಹತ್ತು ವರ್ಷದ ಸಂಬಳ ಬಾಕಿ, ಇಬ್ಬರದೂ.
ಬರಕೊ, ತಡವಾದರೆ
ತಿಂಗಳಿಗೆ ನೂರಕ್ಕೆ ಎರಡು.’